ಮಹಿಳೆಯರ ಅಂಗಸಾಧನೆ: ಸ್ಪರ್ಧೆಯ ಸಿದ್ಧತೆಯೂ ಅದರ ಅಳತೆಗೋಲೂ

ಗರಡಿಯ ಸಂಸ್ಕಾರ ಕನ್ನಡ ನಾಡಿಗೆ ಹೊಸದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥದಲ್ಲಿ ಮಲ್ಲರ ವರ್ಗಗಳು, ಅವರ ಆಹಾರ, ಅವರ ದಿನಚರಿಯ ವ್ಯಾಯಾಮ ಇವುಗಳ ನಿರೂಪಣೆಗೆ ಪ್ರತ್ಯೇಕ ಸ್ಥಾನವೇ ದೊರೆತಿದೆ. ದಂಡ, ಬಸ್ಕಿ, ಗದೆ, ಮಲ್ಲಕಂಬಗಳು ಇಲ್ಲಿನ ಊರೂರಿನ ತರುಣರಿಗೆ ತಲೆತಲಾಂತರದಿಂದ ಪರಿಚಿತವಾದ ಸಾಧನಗಳು. ಆದರೆ ಈ ಸುದೀರ್ಘ ಪರಂಪರೆಯಲ್ಲಿ ಗರಡಿಯ ಹೊಸ್ತಿಲನ್ನು ದಾಟಿದ ಸ್ತ್ರೀಯರು ವಿರಳ. ಹೆಣ್ಣಿನ ತೋಳಿಗೆ ನೀರಿನ ಕೊಡವನ್ನೂ ಬೀಸುವ ಕಲ್ಲನ್ನೂ ಸಂಕೋಚವಿಲ್ಲದೆ ಒಪ್ಪಿಸಿದ ಸಮಾಜವು, ಅದೇ ತೋಳು ಬಲಿತು ಕಾಣುವುದನ್ನು ಮಾತ್ರ ಒಪ್ಪಲಿಲ್ಲ.

ಇಂದು ಪರಿಸ್ಥಿತಿ ಬದಲಾಗಿದೆ. ಪಟ್ಟಣಗಳ ವ್ಯಾಯಾಮಶಾಲೆಗಳಲ್ಲಿ ಹೆಣ್ಣುಮಕ್ಕಳು ಭಾರವೆತ್ತುವುದು ಸಾಮಾನ್ಯ ದೃಶ್ಯವಾಗಿದೆ. ಅವರಲ್ಲಿ ಕೆಲವರು ಅಂಗಸಾಧನೆಯ ಸ್ಪರ್ಧಾವೇದಿಕೆಯನ್ನೇರುವ ಹಂಬಲವನ್ನೂ ತಳೆಯುತ್ತಿದ್ದಾರೆ. ಅಂಥ ಹಂಬಲವನ್ನು ಮಗಳಿಂದಲೋ ಶಿಷ್ಯೆಯಿಂದಲೋ ಮೊದಲ ಬಾರಿಗೆ ಕೇಳಿದ ತಂದೆತಾಯಿಗಳಿಗೂ ಉಪಾಧ್ಯಾಯರಿಗೂ ಏನು ಹೇಳಬೇಕೆಂಬುದು ತೋಚುವುದಿಲ್ಲ. ಕೂಡದೆಂದು ಗದರುವುದು ಸುಲಭ. ಬೆನ್ನು ತಟ್ಟಿ ಕಳುಹಿಸುವುದೂ ಸುಲಭ. ಎರಡಕ್ಕೂ ಮೊದಲು ಆ ವಿದ್ಯೆಯ ಸ್ವರೂಪವನ್ನೂ ಅದು ಬೇಡುವ ಬೆಲೆಯನ್ನೂ ಅರಿತುಕೊಳ್ಳುವುದು ಯುಕ್ತ.

ಸ್ಪರ್ಧೆಯ ಸ್ವರೂಪ

ಕುಸ್ತಿಯಲ್ಲಿ ಎದುರಾಳಿಯ ಬೆನ್ನು ಮಣ್ಣಿಗೆ ತಾಕಿದರೆ ತೀರ್ಪು ಮುಗಿಯಿತು. ಓಟದಲ್ಲಿ ಗಡಿಯಾರವೂ ಭಾರ ಎತ್ತುವ ಸ್ಪರ್ಧೆಯಲ್ಲಿ ತೂಕದ ಬಿಲ್ಲೆಗಳೂ ಸೋಲುಗೆಲವುಗಳನ್ನು ನಿರ್ಣಯಿಸುತ್ತವೆ. ಅಂಗಸಾಧನೆಯ ಸ್ಪರ್ಧೆ ಹಾಗಲ್ಲ. ವೇದಿಕೆಯ ಮೇಲೆ ಯಾರೂ ಭಾರವೆತ್ತುವುದಿಲ್ಲ. ವರ್ಷಾನುಗಟ್ಟಲೆ ಎತ್ತಿದ ಭಾರದಿಂದ ಶರೀರವು ತಳೆದ ರೂಪವನ್ನು ಮಾತ್ರ ಪ್ರದರ್ಶಿಸುತ್ತಾರೆ. ಮಾಂಸಖಂಡಗಳ ಗಾತ್ರ, ಮೇಲ್ಭಾಗಕ್ಕೂ ಕೆಳಭಾಗಕ್ಕೂ ಎಡಕ್ಕೂ ಬಲಕ್ಕೂ ಇರುವ ಹೊಂದಾಣಿಕೆ, ಖಂಡಖಂಡಗಳ ನಡುವಣ ರೇಖೆಗಳ ಸ್ಪಷ್ಟತೆ, ನಿಲುವಿನ ಗಾಂಭೀರ್ಯ ಇವನ್ನು ತೀರ್ಪುಗಾರರ ಮಂಡಲಿಯು ಕಣ್ಣಿನಿಂದ ಅಳೆಯುತ್ತದೆ. ಪ್ರತಿಯೊಬ್ಬ ತೀರ್ಪುಗಾರನೂ ಸ್ಪರ್ಧಿಗಳಿಗೆ ಒಂದು, ಎರಡು, ಮೂರು ಎಂದು ಕ್ರಮಾಂಕಗಳನ್ನು ಕೊಡುತ್ತಾನೆ. ಆ ಕ್ರಮಾಂಕಗಳ ಮೊತ್ತ ಯಾರಿಗೆ ಅತ್ಯಂತ ಕಡಿಮೆಯೋ ಅವರೇ ವಿಜೇತರು. ಅಳತೆಗೋಲು ಇಲ್ಲಿ ಮನುಷ್ಯನ ಕಣ್ಣು. ಕಣ್ಣಿಗೆ ಅಭ್ಯಾಸವುಂಟು, ಅಭಿರುಚಿಯುಂಟು, ಪೂರ್ವಗ್ರಹವೂ ಉಂಟು. ಈ ಒಂದು ಸಂಗತಿಯನ್ನು ಮರೆತರೆ ಮಹಿಳೆಯರ ಅಂಗಸಾಧನೆಯ ಇತಿಹಾಸವೇ ಅರ್ಥವಾಗದು.

ಚರಿತ್ರೆಯ ಕೆಲವು ಪುಟಗಳು

ಪ್ರಷ್ಯಾ ದೇಶದಲ್ಲಿ 1867ರಲ್ಲಿ ಜನಿಸಿದ ಯೂಜಿನ್ ಸ್ಯಾಂಡೋ ಎಂಬ ಜಟ್ಟಿಯು ಆಧುನಿಕ ಅಂಗಸಾಧನೆಯ ಮೂಲಪುರುಷನೆಂದು ಪ್ರಸಿದ್ಧನು. 1901ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಆತನು ಏರ್ಪಡಿಸಿದ ಅಂಗಸೌಷ್ಠವ ಸ್ಪರ್ಧೆಗೆ ಆತನ ಜೊತೆಯಲ್ಲಿ ತೀರ್ಪುಗಾರರಾಗಿ ಕುಳಿತವರು ಶಿಲ್ಪಿ ಚಾರ್ಲ್ಸ್ ಲಾಸ್ ಮತ್ತು ಪತ್ತೇದಾರಿ ಕಥೆಗಳ ಕರ್ತೃ ಆರ್ಥರ್ ಕಾನನ್ ಡಾಯ್ಲ್. ಶಿಲ್ಪಿಯೊಬ್ಬನು ತೀರ್ಪುಗಾರನಾದುದು ಆಕಸ್ಮಿಕವಲ್ಲ. ಗ್ರೀಕ್ ಪ್ರತಿಮೆಯ ಪ್ರಮಾಣಗಳೇ ಅಂದಿನ ಪುರುಷರ ಸ್ಪರ್ಧೆಗೆ ಆದರ್ಶವಾಗಿದ್ದುವು. ಬಲಿಷ್ಠ ಸ್ತ್ರೀಗೆ ಅಂಥ ಪ್ರತಿಮೆಯಾಗಲಿ ಪ್ರಮಾಣವಾಗಲಿ ಸಿದ್ಧವಾಗಿರಲಿಲ್ಲ. ಆಕೆಗೆ ದೊರೆತ ವೇದಿಕೆ ಸರ್ಕಸ್ಸಿನದು. ಸ್ಯಾಂಡ್ವಿನಾ ಎಂಬ ಹೆಸರಿನಿಂದ ಖ್ಯಾತಳಾದ ಕೇಟಿ ಬ್ರುಂಬಾಖ್ ತನ್ನ ಪತಿಯನ್ನು ಒಂದೇ ಕೈಯಿಂದ ತಲೆಯ ಮೇಲಕ್ಕೆತ್ತಿ ಯೂರೋಪು ಅಮೆರಿಕಗಳ ಪ್ರೇಕ್ಷಕರನ್ನು ಬೆರಗುಗೊಳಿಸಿದಳು. ಬಂಗಾಳದಲ್ಲಿ ಬಿಷ್ಣುಚರಣ ಘೋಷರ ಶಿಷ್ಯೆ ರೇಬಾ ರಕ್ಷಿತ್ 1950ರ ದಶಕದಲ್ಲಿ ಎದೆಯ ಮೇಲೆ ಆನೆಯನ್ನು ಹಾಯಿಸಿಕೊಂಡು ಹೆಸರಾದಳು. ಜನರು ಚಪ್ಪಾಳೆ ತಟ್ಟಿದರು. ಆದರೆ ಅದು ಅದ್ಭುತವನ್ನು ಕಂಡ ಚಪ್ಪಾಳೆಯೇ ಹೊರತು ಅನುಸರಿಸಬೇಕಾದ ಮಾದರಿಯನ್ನು ಕಂಡ ಚಪ್ಪಾಳೆಯಲ್ಲ.

ಸಾಮಾನ್ಯ ಗೃಹಸ್ಥೆಯೂ ಭಾರವೆತ್ತಬಹುದೆಂಬುದನ್ನು ತೋರಿಸಿದ ಕೀರ್ತಿ ಅಮೆರಿಕದ ಆ್ಯಬಿ ಸ್ಟಾಕ್‌ಟನ್ನಳದು. ದೂರವಾಣಿ ಕಚೇರಿಯಲ್ಲಿ ಕುಳಿತು ಮಾಡುವ ಕೆಲಸದಿಂದ ಮೈ ಬೆಳೆದುದನ್ನು ಕಂಡು ಡಂಬೆಲ್ ಹಿಡಿದ ಆಕೆ, 1940ರ ದಶಕದಲ್ಲಿ ಕ್ಯಾಲಿಫೋರ್ನಿಯದ ಸಾಂಟಾ ಮೋನಿಕಾ ಕಡಲತೀರದಲ್ಲಿ ಸಾರ್ವಜನಿಕವಾಗಿ ವ್ಯಾಯಾಮ ಮಾಡಿ ತೋರಿಸಿದಳು. ಸ್ತ್ರೀಯರಿಗಾಗಿ ವ್ಯಾಯಾಮ ಪತ್ರಿಕೆಯೊಂದರಲ್ಲಿ ಅಂಕಣವನ್ನೂ ಬರೆದಳು. ಅದಾಗಿ ಮೂವತ್ತು ವರ್ಷಗಳ ಮೇಲೆ, 1977ರಲ್ಲಿ, ಓಹಾಯೋ ರಾಜ್ಯದ ಕ್ಯಾಂಟನ್ ನಗರದಲ್ಲಿ ಹೆನ್ರಿ ಮೆಗೀ ಎಂಬಾತನು ಮಹಿಳೆಯರನ್ನು ಕೇವಲ ಚೆಲುವಿನಿಂದಲ್ಲದೆ ಅಂಗಸಾಧನೆಯಿಂದಲೇ ಅಳೆಯುವ ಸ್ಪರ್ಧೆಯನ್ನು ನಡೆಸಿದನು. 1980ರಲ್ಲಿ ಫಿಲಡೆಲ್ಫಿಯಾದಲ್ಲಿ ಮೊದಲ ‘ಮಿಸ್ ಒಲಿಂಪಿಯಾ’ ಸ್ಪರ್ಧೆ ನಡೆದು ರೇಚಲ್ ಮೆಕ್ಲಿಷ್ ವಿಜೇತಳಾದಳು. ಹೆಸರಿನಲ್ಲಿ ಒಲಿಂಪಿಯಾ ಎಂದಿದ್ದರೂ ಒಲಿಂಪಿಕ್ ಕ್ರೀಡಾಕೂಟಕ್ಕೂ ಇದಕ್ಕೂ ಸಂಬಂಧವಿಲ್ಲ. ವೃತ್ತಿನಿರತ ಅಂಗಸಾಧಕಿಯರಿಗೆ ಇದು ಪರಮೋಚ್ಚ ಪ್ರಶಸ್ತಿ.

ಬೆವ್ ಫ್ರಾನ್ಸಿಸಳ ಪ್ರಸಂಗ

ಈ ಹೊಸ ಸ್ಪರ್ಧೆಯ ಅಂತರಂಗವನ್ನು ಬಯಲಿಗೆಳೆದವಳು ಆಸ್ಟ್ರೇಲಿಯದ ಬೆವ್ ಫ್ರಾನ್ಸಿಸ್. 1955ರಲ್ಲಿ ಜೀಲಾಂಗ್ ಎಂಬ ಊರಿನಲ್ಲಿ, ಐವರು ಮಕ್ಕಳ ಸಂಸಾರದಲ್ಲಿ ಕಿರಿಯವಳಾಗಿ ಹುಟ್ಟಿದ ಈಕೆ ಮೊದಲು ಗುಂಡು ಎಸೆಯುವ ಪಟುವಾಗಿದ್ದಳು. ಮೆಲ್ಬರ್ನಿನಲ್ಲಿ ಈಕೆಗೆ ದೊರೆತ ಗುರು ಫ್ರಾಂಜ್ ಸ್ಟಾಂಫಲ್, ಒಂದು ಮೈಲಿಯನ್ನು ನಾಲ್ಕು ನಿಮಿಷದೊಳಗೆ ಓಡಿದ ರೋಜರ್ ಬ್ಯಾನಿಸ್ಟರನಿಗೆ ಮಾರ್ಗದರ್ಶನ ಮಾಡಿದ್ದವನು. ಎಸೆತಕ್ಕೆ ಬಲ ಬೇಕೆಂದು ಭಾರವೆತ್ತತೊಡಗಿದ ಬೆವ್ ಕ್ರಮೇಣ ಭಾರ ಎತ್ತುವುದರಲ್ಲೇ ಅದ್ವಿತೀಯಳಾದಳು. 1980ರ ದಶಕದ ಮೊದಲ ವರ್ಷಗಳಲ್ಲಿ ಪವರ್‌ಲಿಫ್ಟಿಂಗ್ ವಿಶ್ವಪ್ರಶಸ್ತಿಗಳನ್ನು ಸಾಲಾಗಿ ಗೆದ್ದಳು. ಬೆಂಚಿನ ಮೇಲೆ ಮಲಗಿ ಎದೆಯಿಂದ ಮೇಲಕ್ಕೆ 300 ಪೌಂಡು, ಅಂದರೆ ಸುಮಾರು 136 ಕಿಲೋಗ್ರಾಂ ಭಾರವನ್ನು ಒತ್ತಿದ ಮೊದಲ ಮಹಿಳೆಯೆಂದು ಆಕೆ ಪ್ರಖ್ಯಾತಳು.

1983ರಲ್ಲಿ ಲಾಸ್ ವೇಗಾಸ್ ನಗರದಲ್ಲಿ ನಡೆದ ಅಂಗಸಾಧನೆಯ ಸ್ಪರ್ಧೆಯೊಂದಕ್ಕೆ ಬೆವ್ ಆಹ್ವಾನಿತಳಾದಳು. ಆ ಸ್ಪರ್ಧೆಯನ್ನು ಚಿತ್ರೀಕರಿಸಿದ ಸಾಕ್ಷ್ಯಚಿತ್ರವು 1985ರಲ್ಲಿ ತೆರೆಕಂಡಿತು. ವೇದಿಕೆಯ ಮೇಲೆ ಅಂದು ಆಕೆಯಷ್ಟು ಮಾಂಸಖಂಡಗಳನ್ನು ಬೆಳೆಸಿದವರು ಮತ್ತೊಬ್ಬರಿರಲಿಲ್ಲ. ಸ್ಪರ್ಧೆಯ ಹೆಸರೇ ಅಂಗಸಾಧನೆಯಾದುದರಿಂದ ಆಕೆಯೇ ಗೆಲ್ಲಬೇಕೆಂಬುದು ಒಂದು ವಾದ. ಹೆಣ್ಣು ಹೆಣ್ಣಿನಂತೆ ಕಾಣಬೇಕಾದುದರಿಂದ ಆಕೆ ಗೆಲ್ಲಲೇಕೂಡದೆಂಬುದು ಮತ್ತೊಂದು ವಾದ. ತೀರ್ಪುಗಾರರಲ್ಲೇ ಈ ವಿಷಯವಾಗಿ ಬಿಸಿಬಿಸಿ ಚರ್ಚೆ ನಡೆದುದನ್ನು ಚಿತ್ರದಲ್ಲಿ ಕಾಣಬಹುದು. ಕಡೆಗೆ ಇವೆರಡರ ನಡುವಣ ಸಮತೋಲವುಳ್ಳ ಕಾರ್ಲಾ ಡನ್‌ಲಪ್ ಪ್ರಥಮಳಾದಳು; ಬೆವ್ ಫ್ರಾನ್ಸಿಸಳಿಗೆ ಎಂಟನೆಯ ಸ್ಥಾನ ದೊರೆಯಿತು.

ಆಕೆ ಎದೆಗುಂದಲಿಲ್ಲ. ತೀರ್ಪುಗಾರರ ಬಯಕೆಯೇನೆಂಬುದನ್ನು ಅರಿತು ತನ್ನ ಗಾತ್ರವನ್ನು ಇಳಿಸಿ ರೇಖೆಗಳನ್ನು ತಿದ್ದಿಕೊಂಡಳು. 1987ರಲ್ಲಿ ವೃತ್ತಿನಿರತರ ವಿಶ್ವಪ್ರಶಸ್ತಿ ಆಕೆಯದಾಯಿತು. ಅದೇ ವರ್ಷದಿಂದ ಮಿಸ್ ಒಲಿಂಪಿಯಾದಲ್ಲಿ ಸತತವಾಗಿ ಮೊದಲ ಮೂವರಲ್ಲಿ ಒಬ್ಬಳಾಗಿ ನಿಂತಳು. 1990ರಲ್ಲಿ ಲೆಂಡಾ ಮರ್ರೆ ಎಂಬ ಹೊಸಬಳು ತನ್ನ ಪ್ರಥಮ ಪ್ರಯತ್ನದಲ್ಲೇ ಬೆವ್‌ಳನ್ನು ಹಿಂದಿಕ್ಕಿ ಪ್ರಶಸ್ತಿಯನ್ನು ಗೆದ್ದಳು. ಇಳಿಸಿಕೊಂಡು ಸಾಕಾದ ಬೆವ್ ಮರುವರ್ಷ ತನ್ನ ಪೂರ್ಣ ಗಾತ್ರದೊಡನೆ ವೇದಿಕೆಗೆ ಬಂದಳು. ಆರಂಭದ ಸುತ್ತುಗಳಲ್ಲಿ ಮುಂದಿದ್ದ ಆಕೆ ಅಂತಿಮ ಎಣಿಕೆಯಲ್ಲಿ ಲೆಂಡಾ ಮರ್ರೆಗೆ ಒಂದೇ ಒಂದು ಅಂಕದಿಂದ ಸೋತಳು. ಅನಂತರ ಆಕೆ ಸ್ಪರ್ಧಿಸಲಿಲ್ಲ.

ಈ ಪ್ರಸಂಗದಲ್ಲಿ ಲೆಂಡಾ ಮರ್ರೆಯನ್ನು ದೂರಲು ಕಾರಣವಿಲ್ಲ. ಆಕೆ ಎಂಟು ಬಾರಿ ಪ್ರಶಸ್ತಿ ಪಡೆದ ಮಹಾಸಾಧಕಿ. ಇಲ್ಲಿ ಗಮನಿಸಬೇಕಾದುದು ಬೇರೆ. ಕಲ್ಲು ಕುಟಿಕನು ಕಂಬವನ್ನು ಅರ್ಧ ಕಡೆದಾಗ ಯಜಮಾನನು ಬಂದು ಅಳತೆಗೋಲನ್ನೇ ಬದಲಾಯಿಸಿದರೆ ಆ ಕಲ್ಲನ್ನು ಏನು ಮಾಡಬೇಕು? ಮಹಿಳಾ ಅಂಗಸಾಧಕಿಯರಿಗೆ ಒದಗಿದ ಸಂಕಟ ಇಂಥದೇ. ಕಂಬವಾದರೋ ಕಲ್ಲಿನದು, ಇಲ್ಲಿ ಕಡೆಯಬೇಕಾದುದು ಅವರ ಸ್ವಂತ ಶರೀರ.

ಅಳತೆಗೋಲಿನ ಕವಲುಗಳು

ಬೆವ್ ಫ್ರಾನ್ಸಿಸಳ ನಂತರವೂ ಈ ತೊಡಕು ಬಗೆಹರಿಯಲಿಲ್ಲ. ಗಾತ್ರ ಒಂದೇ ಸಮನೆ ಬೆಳೆಯಿತು. 2005ರ ಸ್ಪರ್ಧೆಗಳಿಗೆ ಅನ್ವಯವಾಗುವಂತೆ ಅಂತರರಾಷ್ಟ್ರೀಯ ಅಂಗಸಾಧನಾ ಒಕ್ಕೂಟವು ಮಹಿಳೆಯರು ತಮ್ಮ ಮಾಂಸಖಂಡಗಳ ಪ್ರಮಾಣವನ್ನು ಶೇಕಡ 20ರಷ್ಟು ಕಡಿಮೆ ಮಾಡಿಕೊಳ್ಳಬೇಕೆಂದು ಸೂಚಿಸಿತು. ಇದಕ್ಕೆ ಜೊತೆಯಾಗಿ ಒಂದೇ ವೇದಿಕೆಯನ್ನು ಹಲವು ವಿಭಾಗಗಳಾಗಿ ಕವಲೊಡೆಯುವ ಕ್ರಮವೂ ಬೆಳೆಯಿತು. ಮಾಂಸಖಂಡಗಳು ಮಿತವಾಗಿದ್ದು ಮೈಕಟ್ಟು ಸುಂದರವಾಗಿರುವವರಿಗೆ ‘ಫಿಗರ್’ ವಿಭಾಗ. ಅದಕ್ಕಿಂತಲೂ ಮೃದುವಾದ ರೂಪಕ್ಕೆ ‘ಬಿಕಿನಿ’ ವಿಭಾಗ. ತೊಡೆ ನಿತಂಬಗಳ ಪುಷ್ಟಿಗೆ ಪ್ರಾಧಾನ್ಯವುಳ್ಳ ‘ವೆಲ್‌ನೆಸ್’ ವಿಭಾಗ. ಫಿಗರ್‌ಗಿಂತ ಹೆಚ್ಚು ಬಲಿತ, ಪೂರ್ಣ ದೇಹದಾರ್ಢ್ಯಕ್ಕಿಂತ ಕಡಿಮೆ ಗಾತ್ರದ ಶರೀರಕ್ಕೆ ‘ಫಿಸೀಕ್’ ವಿಭಾಗ. ಒಲಿಂಪಿಯಾ ವೇದಿಕೆಯಲ್ಲಿ ಫಿಗರ್ 2003ರಲ್ಲಿಯೂ ಬಿಕಿನಿ 2010ರಲ್ಲಿಯೂ ಫಿಸೀಕ್ 2013ರಲ್ಲಿಯೂ ವೆಲ್‌ನೆಸ್ 2021ರಲ್ಲಿಯೂ ಸೇರಿದುವು. ಫಿಸೀಕ್ ವಿಭಾಗದ ಪ್ರಥಮ ಒಲಿಂಪಿಯಾ ವಿಜೇತೆ ಅಮೆರಿಕದ ಡೇನಾ ಲಿನ್ ಬೇಲಿ. ಇತ್ತ ಮೂಲ ಮಿಸ್ ಒಲಿಂಪಿಯಾ ಸ್ಪರ್ಧೆಯು 2014ರ ನಂತರ ನಿಂತುಹೋಗಿ 2020ರಲ್ಲಿ ಪುನಃ ಆರಂಭವಾಯಿತು.

ವಿಭಾಗಗಳ ಭೇದವು ಸಣ್ಣ ಸಣ್ಣ ನಿಯಮಗಳಲ್ಲಿಯೂ ವ್ಯಕ್ತವಾಗುತ್ತದೆ. ಫಿಗರ್ ಮತ್ತು ಬಿಕಿನಿ ಸ್ಪರ್ಧಿಗಳು ಎತ್ತರದ ಹಿಮ್ಮಡಿಯ ಪಾದರಕ್ಷೆ ಧರಿಸಿ ನಿಲ್ಲುತ್ತಾರೆ. ಫಿಸೀಕ್ ಸ್ಪರ್ಧಿಗಳು ಬರಿಗಾಲಿನಲ್ಲಿ ನಿಲ್ಲುತ್ತಾರೆ. ತೋಳುಗಳನ್ನೆತ್ತಿ ಮಡಿಸಿ ತೋರಿಸುವ ಭಂಗಿಯಲ್ಲಿ ದೇಹದಾರ್ಢ್ಯ ವಿಭಾಗದವರು ಮುಷ್ಟಿ ಬಿಗಿಯುತ್ತಾರೆ. ಫಿಸೀಕ್ ವಿಭಾಗದವರು ಅದೇ ಭಂಗಿಯಲ್ಲಿ ಬೆರಳುಗಳನ್ನು ಬಿಡಿಸಿ ಅಂಗೈ ತೆರೆದಿರಬೇಕು. ಮುಷ್ಟಿಗೂ ತೆರೆದ ಅಂಗೈಗೂ ನಡುವೆ ಇರುವ ಅಂತರದಲ್ಲಿ ನಲವತ್ತು ವರ್ಷಗಳ ವಾಗ್ವಾದ ಅಡಗಿದೆಯೆಂದರೆ ತಪ್ಪಾಗಲಾರದು. ಆದುದರಿಂದ ಸ್ಪರ್ಧೆಗೆ ಹೊರಡುವವಳ ಮೊದಲ ಕೆಲಸ ವಿಭಾಗದ ಆಯ್ಕೆ. ತನ್ನ ಎಲುಬಿನ ಕಟ್ಟು, ಮೈ ಬಲಿಯುವ ಸ್ವಭಾವ, ಮನಸ್ಸಿನ ಒಲವು ಇವನ್ನು ನೋಡಿಕೊಂಡು ವಿಭಾಗವನ್ನು ಆರಿಸಬೇಕೇ ವಿನಾ ಯಾವ ವಿಭಾಗದಲ್ಲಿ ಚಪ್ಪಾಳೆ ಹೆಚ್ಚೆಂದು ನೋಡಿ ಅಲ್ಲ.

ಸಾಧನೆಯ ಕ್ರಮ

ಭಾರವೆತ್ತಿದರೆ ಹೆಣ್ಣು ಗಂಡಸಿನಂತಾಗುವಳೆಂಬ ಭಯ ಇನ್ನೂ ಅಳಿದಿಲ್ಲ. ಇದಕ್ಕೆ ಆಧಾರವಿಲ್ಲ. ಮಾಂಸಖಂಡಗಳ ವೃದ್ಧಿಗೆ ನೆರವಾಗುವ ಟೆಸ್ಟೋಸ್ಟಿರಾನ್ ಎಂಬ ಅಂತಃಸ್ರಾವವು ಸ್ತ್ರೀಯರಲ್ಲಿ ಪುರುಷರಲ್ಲಿರುವುದರ ಹತ್ತನೆಯ ಒಂದು ಪಾಲಿನಷ್ಟು ಅಥವಾ ಇನ್ನೂ ಕಡಿಮೆ. ಆದರೂ ಕ್ರಮವಾದ ಸಾಧನೆಯಿಂದ ಸ್ತ್ರೀಯರು ತಾವು ಆರಂಭಿಸಿದ ಮಟ್ಟದಿಂದ ಪಡೆಯುವ ವೃದ್ಧಿಯ ಪ್ರಮಾಣ ಪುರುಷರಿಗೆ ಸರಿಸಮಾನವಾಗಿಯೇ ಇರುತ್ತದೆಂದು ಶಾಸ್ತ್ರಜ್ಞರು ಕಂಡುಕೊಂಡಿದ್ದಾರೆ. ಎಂದರೆ ಹೆಣ್ಣು ಬಲಿಯುತ್ತಾಳೆ, ಆದರೆ ಹೆಣ್ಣಾಗಿಯೇ ಬಲಿಯುತ್ತಾಳೆ. ಅದೂ ತಿಂಗಳುಗಳಲ್ಲಿ ಅಲ್ಲ, ವರ್ಷಗಳಲ್ಲಿ.

ವೃದ್ಧಿಯ ಸೂತ್ರ ಸರಳವಾದುದು. ಮಾಂಸಖಂಡವು ತನಗೆ ಅಭ್ಯಾಸವಾದುದಕ್ಕಿಂತ ತುಸು ಹೆಚ್ಚಿನ ಭಾರವನ್ನು ಎದುರಿಸಿದಾಗ ಅದರ ತಂತುಗಳು ಆ ಸೆಳೆತಕ್ಕೆ ಸ್ಪಂದಿಸಿ, ಆಹಾರದಿಂದ ಬಂದ ಪ್ರೋಟೀನನ್ನು ಹೀರಿ, ವಿಶ್ರಾಂತಿಯ ಅವಧಿಯಲ್ಲಿ ದಪ್ಪವಾಗುತ್ತವೆ. ಬಳಿಕ ಅದೇ ಭಾರ ಅದಕ್ಕೆ ಹಗುರ. ಮತ್ತೆ ತುಸು ಹೆಚ್ಚಿಸಬೇಕು. ಹೆಗಲ ಮೇಲೆ ಬಾರ್ಬೆಲ್ ಹೊತ್ತು ಹಾಕುವ ಬಸ್ಕಿ, ನೆಲದಿಂದ ಭಾರವನ್ನೆತ್ತಿ ನೆಟ್ಟಗೆ ನಿಲ್ಲುವುದು, ಮಲಗಿ ಎದೆಯಿಂದ ಒತ್ತುವುದು, ತಲೆಯ ಮೇಲಕ್ಕೆ ಒತ್ತುವುದು, ಬಾಗಿ ಭಾರವನ್ನು ಹೊಟ್ಟೆಯ ಕಡೆಗೆ ಸೆಳೆಯುವುದು, ಅಡ್ಡಗಂಬಿಗೆ ಜೋತು ಮೈಯನ್ನು ಮೇಲಕ್ಕೆ ಎಳೆದುಕೊಳ್ಳುವುದು ಇವೇ ಮೂಲ ಪಾಠಗಳು. ಒಂದೊಂದು ಮಾಂಸಖಂಡಕ್ಕೂ ವಾರದಲ್ಲಿ ಹತ್ತರಿಂದ ಇಪ್ಪತ್ತು ಸರದಿಗಳ ಕೆಲಸ ಸಾಕು. ಸರದಿಯೊಂದರಲ್ಲಿ ಆರರಿಂದ ಹನ್ನೆರಡು ಬಾರಿ ಎತ್ತುವುದು ರೂಢಿ. ಎಷ್ಟು ಭಾರ, ಎಷ್ಟು ಬಾರಿ ಎಂಬುದನ್ನು ದಿನದಿನವೂ ಪುಸ್ತಕದಲ್ಲಿ ಬರೆದಿಡಬೇಕು. ಲೆಕ್ಕವಿಲ್ಲದ ವ್ಯಾಪಾರದಲ್ಲಿ ಲಾಭವಾಯಿತೋ ನಷ್ಟವಾಯಿತೋ ತಿಳಿಯದಂತೆ ಬರವಣಿಗೆಯಿಲ್ಲದ ಸಾಧನೆಯಲ್ಲಿ ಮುಂದೆ ಸಾಗಿದುದೂ ತಿಳಿಯದು.

ಫಿಸೀಕ್ ಸ್ಪರ್ಧೆಗೆ ಬೇಕಾದ ಆಕಾರವನ್ನು ಕಟ್ಟುವಲ್ಲಿ ಶಿಲ್ಪಿಯ ಜಾಣ್ಮೆಯೂ ಬೇಕು. ನಡುವಿನ ಎಲುಬಿನ ಅಗಲವನ್ನು ಯಾವ ವ್ಯಾಯಾಮವೂ ಕಿರಿದು ಮಾಡಲಾರದು. ಆದರೆ ಹೆಗಲಿನ ಪಕ್ಕದ ಖಂಡವನ್ನೂ ಬೆನ್ನಿನ ಎರಡು ಪಾರ್ಶ್ವಗಳ ಅಗಲವಾದ ಖಂಡಗಳನ್ನೂ ಬೆಳೆಸಿದರೆ ನಡು ತಾನಾಗಿಯೇ ಸಣ್ಣದಾಗಿ ಕಾಣುತ್ತದೆ. ಹೊಸಬರು ಕನ್ನಡಿಯಲ್ಲಿ ಕಾಣುವ ತೋಳು ಎದೆಗಳಿಗೆ ದುಡಿದು ಬೆನ್ನನ್ನು ಮರೆಯುತ್ತಾರೆ. ತೀರ್ಪುಗಾರರಾದರೋ ಸ್ಪರ್ಧಿಯನ್ನು ನಾಲ್ಕು ದಿಕ್ಕಿಗೂ ತಿರುಗಿಸಿ ನೋಡುತ್ತಾರೆ.

ಆಹಾರದ ವಿಷಯದಲ್ಲಿ ಸಾಧಕಿಯ ದೇಹತೂಕದ ಪ್ರತಿ ಕಿಲೋಗ್ರಾಮಿಗೆ ದಿನವೊಂದಕ್ಕೆ 1.6ರಿಂದ 2.2 ಗ್ರಾಂ ಪ್ರೋಟೀನು ಬೇಕೆಂಬುದು ಇಂದು ಬಹುಮಟ್ಟಿಗೆ ಒಪ್ಪಿತವಾದ ಮಾತು. 60 ಕಿಲೋಗ್ರಾಂ ತೂಕದವಳಿಗೆ ಇದು ಸುಮಾರು 96ರಿಂದ 132 ಗ್ರಾಂ ಆಗುತ್ತದೆ. ಸಸ್ಯಾಹಾರಿಗಳಿಗೆ ಇದು ಅಸಾಧ್ಯವೆಂಬ ಮಾತಿನಲ್ಲಿ ಹುರುಳಿಲ್ಲ. ಆದರೆ ಲೆಕ್ಕಾಚಾರ ಬೇಕು. ಹಾಲು, ಮೊಸರು, ಪನೀರು, ಬೇಳೆ, ಮೊಳಕೆ ಬಂದ ಹೆಸರುಕಾಳು, ಶೇಂಗಾ, ಸೋಯಾ ಇವುಗಳಿಂದ ಆ ಪ್ರಮಾಣವನ್ನು ತುಂಬಬಹುದು. ಸಾಲದಿದ್ದರೆ ಹಾಲಿನ ಹಾಲೊಡಕಿನಿಂದ ತಯಾರಿಸಿದ ಪ್ರೋಟೀನು ಪುಡಿಯ ನೆರವು ಪಡೆಯಬಹುದು. ಜೋಳದಲ್ಲಿ ಲೈಸಿನ್ ಎಂಬ ಅಂಶ ಕಡಿಮೆ. ಕಾಳುಗಳಲ್ಲಿ ಅದು ಹೇರಳ. ರೊಟ್ಟಿಯ ಜೊತೆಗೆ ಕಾಳಿನ ಪಲ್ಯವನ್ನಿಟ್ಟ ಉತ್ತರ ಕರ್ನಾಟಕದ ಅಡುಗೆಮನೆ ಈ ಕೊರತೆಯನ್ನು ಎಂದೋ ತುಂಬಿಕೊಂಡಿದೆ. ಪ್ರೋಟೀನಿಗಿಂತಲೂ ಮೊದಲು ವಿಚಾರಿಸಬೇಕಾದುದು ರಕ್ತದ ಸ್ಥಿತಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ 15ರಿಂದ 49 ವರ್ಷದೊಳಗಿನ ಮಹಿಳೆಯರಲ್ಲಿ ಶೇಕಡ 57ರಷ್ಟು ಮಂದಿ ರಕ್ತಹೀನತೆಯುಳ್ಳವರು. ರಕ್ತಹೀನಳಾದ ಹುಡುಗಿಯ ಕೈಗೆ ಭಾರವನ್ನು ಕೊಟ್ಟು, ಏದುಸಿರು ಬಿಟ್ಟಳೆಂದು ಜರೆಯುವುದು ಅನ್ಯಾಯ. ವೈದ್ಯರ ಪರೀಕ್ಷೆ ಮೊದಲು, ಗರಡಿ ಅನಂತರ.

ವೇದಿಕೆಯ ದಿನ

ಶರೀರವನ್ನು ಕಟ್ಟುವುದಕ್ಕೆ ವರ್ಷಗಳು ಹಿಡಿದರೆ, ಕಟ್ಟಿದುದನ್ನು ತೋರಿಸುವುದಕ್ಕೆ ಮಾಡುವ ಸಿದ್ಧತೆಗೆ ನಾಲ್ಕರಿಂದ ಆರು ತಿಂಗಳುಗಳು ಹಿಡಿಯುತ್ತವೆ. ಚರ್ಮದ ಕೆಳಗಣ ಕೊಬ್ಬು ಕರಗಿದ ಹೊರತು ಖಂಡಗಳ ರೇಖೆಗಳು ಕಾಣವು. ಆದುದರಿಂದ ಈ ಅವಧಿಯಲ್ಲಿ ಊಟವನ್ನು ಸ್ವಲ್ಪ ಸ್ವಲ್ಪವಾಗಿ ತಗ್ಗಿಸಿ, ನಡಿಗೆ ಮುಂತಾದವುಗಳನ್ನು ಹೆಚ್ಚಿಸಿ, ವಾರಕ್ಕೆ ದೇಹತೂಕದ ಶೇಕಡ ಅರ್ಧದಿಂದ ಒಂದರಷ್ಟನ್ನು ಮಾತ್ರ ಇಳಿಸುತ್ತಾರೆ. ಅವಸರಪಟ್ಟರೆ ಕೊಬ್ಬಿನೊಡನೆ ಕಷ್ಟಪಟ್ಟು ಬೆಳೆಸಿದ ಮಾಂಸಖಂಡವೂ ಕರಗುತ್ತದೆ. ಭಂಗಿಗಳ ಅಭ್ಯಾಸವೂ ಈ ಕಾಲದಲ್ಲಿ ನಿತ್ಯ ನಡೆಯಬೇಕು. ಇಡೀ ಮೈಯನ್ನು ಬಿಗಿಹಿಡಿದು ಮುಖದಲ್ಲಿ ಮಂದಹಾಸವನ್ನುಳಿಸಿಕೊಂಡು ನಿಲ್ಲುವುದು ನೋಡುವವರಿಗೆ ಸುಲಭವಾಗಿ ಕಂಡರೂ ಒಂದು ನಿಮಿಷದಲ್ಲೇ ತೊಡೆಗಳು ನಡುಗತೊಡಗುತ್ತವೆ. ಇನ್ನು ಪ್ರಖರವಾದ ದೀಪಗಳ ಬೆಳಕಿನಲ್ಲಿ ರೇಖೆಗಳು ಮಸುಕಾಗದಿರಲೆಂದು ಮೈಗೆ ಕಂದುಬಣ್ಣವನ್ನು ಬಳಿಯುತ್ತಾರೆ. ಚಿತ್ರಗಳಲ್ಲಿ ಕಾಣುವ ಆ ಹೊಳಪು ಸಹಜವಾದುದಲ್ಲವೆಂಬುದನ್ನು ಹೆಣ್ಣುಮಕ್ಕಳಿಗೆ ತಿಳಿಸಿ ಹೇಳಬೇಕು.

ಅಪಾಯದ ಎಲ್ಲೆ

ಇಲ್ಲಿಯೇ ಈ ವಿದ್ಯೆಯ ಅತ್ಯಂತ ಸೂಕ್ಷ್ಮವಾದ ಭಾಗವಿದೆ. ವೇದಿಕೆಯ ದಿನದ ಶರೀರವು ನೋಡುವವರಿಗೆ ಆರೋಗ್ಯದ ಪರಾಕಾಷ್ಠೆಯಂತೆ ಕಾಣುತ್ತದೆ. ವಾಸ್ತವದಲ್ಲಿ ಅದು ಶರೀರದ ಅತ್ಯಂತ ಬಳಲಿದ ಸ್ಥಿತಿ. ಸ್ತ್ರೀಶರೀರಕ್ಕೆ ಜೀವಧಾರಣೆಗೆಂದೇ ಒಂದಿಷ್ಟು ಕೊಬ್ಬು ಅವಶ್ಯಕ. ಆ ಪ್ರಮಾಣ ಪುರುಷನಿಗೆ ಬೇಕಾದುದಕ್ಕಿಂತ ಹೆಚ್ಚು. ಆಹಾರವೂ ಕೊಬ್ಬೂ ಮಿತಿಮೀರಿ ತಗ್ಗಿದಾಗ, ಕ್ಷಾಮ ಬಂದಿತೆಂದು ತಿಳಿದ ಶರೀರವು ಮೊದಲು ನಿಲ್ಲಿಸುವುದು ಮಾಸಿಕ ಋತುಚಕ್ರವನ್ನು. ಅದರೊಡನೆ ಈಸ್ಟ್ರೋಜನ್ ಇಳಿದು ಎಲುಬುಗಳ ಸಾಂದ್ರತೆ ಕುಂದುತ್ತದೆ, ನಿದ್ರೆ ಕೆಡುತ್ತದೆ, ಮನಸ್ಸು ಸದಾ ಊಟದ ಚಿಂತೆಯಲ್ಲಿ ಮುಳುಗುತ್ತದೆ. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ತಜ್ಞರು 2014ರಲ್ಲಿ ಈ ಲಕ್ಷಣ ಸಮುದಾಯಕ್ಕೆ ಕ್ರೀಡೆಯಲ್ಲಿನ ಶಕ್ತಿ ಕೊರತೆ ಎಂಬರ್ಥದ ಹೆಸರನ್ನಿಟ್ಟು ಎಲ್ಲ ಕ್ರೀಡೆಗಳವರನ್ನೂ ಎಚ್ಚರಿಸಿದರು.

ಫಿನ್‌ಲೆಂಡಿನಲ್ಲಿ 27 ಮಂದಿ ಸ್ಪರ್ಧಿಗಳನ್ನು ಸಿದ್ಧತೆಯ ಮೊದಲೂ ನಂತರವೂ ಪರೀಕ್ಷಿಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೂರು ನಾಲ್ಕು ತಿಂಗಳ ಯಥೋಚಿತ ಆಹಾರದಿಂದ ಬಹುತೇಕ ಅಂತಃಸ್ರಾವಗಳು ಮೊದಲ ಮಟ್ಟಕ್ಕೆ ಮರಳಿದರೂ ಕೆಲವು ಪೂರ್ಣವಾಗಿ ಮರಳಿರಲಿಲ್ಲವೆಂದು ಕಂಡುಬಂದಿತು. ಯಾವ ಔಷಧವನ್ನೂ ಬಳಸದೆ ಸ್ಪರ್ಧಿಸಿದ ಅಮೆರಿಕದ ಫಿಗರ್ ಸ್ಪರ್ಧಿಯೊಬ್ಬಳ ವಿವರವಾದ ವರದಿ 2016ರಲ್ಲಿ ಹೊರಬಂದಿತು. ಸ್ಪರ್ಧೆ ಮುಗಿದ ಮೇಲೆ ಆಕೆಯ ಋತುಚಕ್ರ ಮರಳಲು 71 ವಾರಗಳು ಹಿಡಿದುವು. ಒಂದು ಸಂಜೆಯ ಪ್ರದರ್ಶನಕ್ಕಾಗಿ ಒಂದು ವರ್ಷ ನಾಲ್ಕು ತಿಂಗಳು! ಮುಟ್ಟಿನ ಮಾತನ್ನು ಮುಚ್ಚಿಡುವ ಸಂಕೋಚ ಇಂಥಲ್ಲಿ ಹಾನಿಕರ. ತರಬೇತಿ ಕೊಡುವವರು ಪುರುಷರಾಗಿರುವಲ್ಲಿ ಹುಡುಗಿಯ ತಾಯಿಯೋ ಅಧ್ಯಾಪಿಕೆಯೋ ಈ ವಿಷಯವನ್ನು ತಿಂಗಳು ತಿಂಗಳೂ ವಿಚಾರಿಸಿ ಬರೆದಿಡುವುದು ಕರ್ತವ್ಯ. ಚಕ್ರ ತಪ್ಪಿದರೆ ಅದು ಸಾಧನೆಯ ಗುರುತಲ್ಲ, ಎಚ್ಚರಿಕೆಯ ಗಂಟೆ.

ಎರಡನೆಯ ಅಪಾಯ ಔಷಧಗಳದು. ವೃದ್ಧಿಯನ್ನು ಬೇಗ ಪಡೆಯಲು ಕೃತಕ ಪುರುಷ ಅಂತಃಸ್ರಾವಗಳನ್ನು ಸೇವಿಸುವ ದುರಭ್ಯಾಸ ಈ ಕ್ಷೇತ್ರಕ್ಕೆ ಅಂಟಿದ ಕಳಂಕ. ಸ್ತ್ರೀಯರಲ್ಲಿ ಇವು ಧ್ವನಿಯನ್ನು ಗಡುಸುಗೊಳಿಸುತ್ತವೆ, ಮುಖದಲ್ಲಿ ರೋಮ ಬೆಳೆಸುತ್ತವೆ, ಹೃದಯ ಯಕೃತ್ತುಗಳನ್ನು ಕೆಡಿಸುತ್ತವೆ. ಒಮ್ಮೆ ಒಡೆದ ಧ್ವನಿ ಔಷಧವನ್ನು ಬಿಟ್ಟ ಮೇಲೂ ಹಿಂದಿರುಗುವುದಿಲ್ಲ. ಕೊನೆಯ ದಿನಗಳಲ್ಲಿ ಮೈಯ ನೀರನ್ನು ಹೊರದೂಡಲು ಮೂತ್ರವರ್ಧಕಗಳನ್ನು ಸೇವಿಸುವುದಂತೂ ನೇರವಾಗಿ ಪ್ರಾಣಾಪಾಯಕ್ಕೆ ದಾರಿ; ರಕ್ತದ ಲವಣಾಂಶಗಳು ಏರುಪೇರಾಗಿ ಹೃದಯದ ಬಡಿತವೇ ತಪ್ಪಬಹುದು. ಔಷಧವಿಲ್ಲದೆ ಗೆಲ್ಲಲಾಗದೆಂದು ಹೇಳುವ ತರಬೇತುದಾರನಿಂದ ಶಿಷ್ಯೆಯನ್ನು ಆ ಕ್ಷಣವೇ ಬಿಡಿಸಿಕೊಂಡು ಬರುವುದು ಶ್ರೇಯಸ್ಕರ.

ವಯಸ್ಸಿನ ಮಾತನ್ನೂ ಇಲ್ಲಿ ಹೇಳಬೇಕು. ಶಾಲಾ ಬಾಲಕಿಯರು ತಿಳಿದವರ ಕಣ್ಗಾವಲಿನಲ್ಲಿ ಹಗುರ ಭಾರಗಳಿಂದ ಬಲಸಾಧನೆ ಮಾಡುವುದರಲ್ಲಿ ದೋಷವಿಲ್ಲ. ಎಲುಬು ಗಟ್ಟಿಗೊಳ್ಳುವುದಕ್ಕೆ ಅದೇ ಸಕಾಲ. ಆದರೆ ಸ್ಪರ್ಧೆಗಾಗಿ ಅನ್ನ ಬಿಡುವ ಕ್ರಮ ಬೆಳೆಯುವ ಶರೀರಕ್ಕೆ ಸಲ್ಲದು. ಭಾರವನ್ನು ಬೇಗ ಕಲಿಯಲಿ, ವೇದಿಕೆಯನ್ನು ತಡವಾಗಿ ಏರಲಿ.

ಕನ್ನಡ ನಾಡೂ ಭಾರತವೂ

ಅಂಗಸಾಧನೆಯೆಂದರೆ ಬುದ್ಧಿಗೆ ಎರವಾದವರ ಹವ್ಯಾಸವೆಂದು ತಿಳಿಯುವವರಿಗೆ ಕನ್ನಡ ನಾಡಿನಲ್ಲಿಯೇ ಉತ್ತರವಿದೆ. ಬೆಂಗಳೂರಿನ ಕೆ. ವಿ. ಅಯ್ಯರ್ ಅವರು (1897–1980) ಹರ್ಕ್ಯುಲಿಸ್ ವ್ಯಾಯಾಮಶಾಲೆಯನ್ನು ಸ್ಥಾಪಿಸಿ, ತಮ್ಮ ಶರೀರವನ್ನು ಪ್ರತಿಮೆಯಂತೆ ರೂಪಿಸಿಕೊಂಡು, ಅಂಚೆಯ ಮೂಲಕವೂ ವ್ಯಾಯಾಮ ಪಾಠಗಳನ್ನು ಹೇಳಿಕೊಟ್ಟವರು. ಅದೇ ಅಯ್ಯರ್ ಅವರು ‘ಶಾಂತಲಾ’, ‘ರೂಪದರ್ಶಿ’ ಕಾದಂಬರಿಗಳ ಕರ್ತೃಗಳಾಗಿ ಕನ್ನಡ ಸಾಹಿತ್ಯದಲ್ಲಿ ನಿಂತಿದ್ದಾರೆ. ಬಾರ್ಬೆಲ್ ಹಿಡಿದ ಕೈ ಲೇಖನಿಯನ್ನೂ ಹಿಡಿಯಬಲ್ಲುದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಭಾರತದ ಮಹಿಳೆಯರೂ ಈಗ ಈ ಕ್ಷೇತ್ರದಲ್ಲಿ ಹಿಂದೆ ಉಳಿದಿಲ್ಲ. ಮಣಿಪುರದ ಸರಿತಾದೇವಿ, ಮಮೋತಾದೇವಿ ಮೊದಲಾದವರು ಅಂತರರಾಷ್ಟ್ರೀಯ ಸ್ಪರ್ಧೆಗಳಲ್ಲಿ ದೇಶವನ್ನು ಪ್ರತಿನಿಧಿಸಿದ್ದಾರೆ. ಪುಣೆಯ ವೈರಾಣು ಸಂಶೋಧನ ಸಂಸ್ಥೆಯಲ್ಲಿ ವಿಜ್ಞಾನದ ವೃತ್ತಿಯಲ್ಲಿದ್ದುಕೊಂಡೇ ದೀಪಿಕಾ ಚೌಧರಿ ಫಿಗರ್ ವಿಭಾಗದಲ್ಲಿ ಅಂತರರಾಷ್ಟ್ರೀಯ ವೃತ್ತಿಸ್ಪರ್ಧಿಯ ಅರ್ಹತೆಯನ್ನು ಗಳಿಸಿದಳು. ಇಂಥವರ ಸಾಧನೆಯ ಹಿಂದೆ ಮನೆಯವರ ಒಪ್ಪಿಗೆ, ವೇಷಭೂಷಣದ ಬಗ್ಗೆ ನೆರೆಹೊರೆಯವರ ಮಾತು, ಖರ್ಚಿನ ಹೊರೆ ಇವನ್ನೆಲ್ಲ ಎದುರಿಸಿದ ಧೈರ್ಯವೂ ಇದೆ. ವೇದಿಕೆಯ ಕಿರಿದಾದ ಉಡುಪು ಅನೇಕರಿಗೆ ಮುಜುಗರ ತರುವುದು ಸಹಜ. ಈಜುಗಾರ್ತಿಯ ಉಡುಪು ನೀರಿಗಾಗಿ ಇರುವಂತೆ ಇದು ಪರೀಕ್ಷೆಗಾಗಿ ಇರುವುದೆಂದು ತಿಳಿದರೆ ಮುಜುಗರ ಸ್ವಲ್ಪ ಕಡಿಮೆಯಾದೀತು. ಒಪ್ಪದ ಹುಡುಗಿಯನ್ನು ಅದಕ್ಕೆ ಬಲವಂತಪಡಿಸುವುದೂ ಒಪ್ಪಿದವಳನ್ನು ಹಳಿಯುವುದೂ ಎರಡೂ ಸಲ್ಲದು.

ಉಪಸಂಹಾರ

ಬೆವ್ ಫ್ರಾನ್ಸಿಸಳ ಕಥೆ ಆ ಒಂದು ಅಂಕದಲ್ಲಿ ಮುಗಿಯಲಿಲ್ಲ. ಸ್ಪರ್ಧೆಯಿಂದ ನಿವೃತ್ತಳಾದ ಮೇಲೆ ಆಕೆ ಪತಿಯೊಡನೆ ನ್ಯೂಯಾರ್ಕ್ ರಾಜ್ಯದ ಸಯಾಸೆಟ್ ಎಂಬಲ್ಲಿ ವ್ಯಾಯಾಮಶಾಲೆಯನ್ನು ನಡೆಸಿದಳು. ಅದು ಅಂಗಸಾಧಕರಿಗೆ ಯಾತ್ರಾಸ್ಥಳದಂತಾಯಿತು. ಆಕೆಗೆ ಮಿಸ್ ಒಲಿಂಪಿಯಾ ಪ್ರಶಸ್ತಿ ಒಮ್ಮೆಯೂ ದೊರೆಯಲಿಲ್ಲ. ಆದರೆ ಯಾವ ತೀರ್ಪುಗಾರನೂ ಆಕೆ ಎತ್ತಿದ 300 ಪೌಂಡುಗಳನ್ನು 299 ಮಾಡಲಾರನು. ಬಲ ಆಕೆಯದು, ರೂಪದ ಬೆಲೆ ಕಟ್ಟುವ ಕಣ್ಣು ಅನ್ಯರದು.

ಸ್ಪರ್ಧಾವೇದಿಕೆಯತ್ತ ನಡೆಯುವ ಪ್ರತಿಯೊಬ್ಬ ಹುಡುಗಿಗೂ ಹಿರಿಯರು ತಿಳಿಸಬೇಕಾದ ವಿವೇಕ ಇದೇ. ಎಲುಬಿನ ಗಟ್ಟಿತನ, ಬೆನ್ನಿನ ನೆಟ್ಟಗಿನ ನಿಲುವು, ತನ್ನ ಊಟ ನಿದ್ರೆಗಳನ್ನು ತಾನೇ ಆಳಿಕೊಳ್ಳುವ ಶಿಸ್ತು ಇವು ಸೋತರೂ ಉಳಿಯುವ ಸಂಪತ್ತು. ಪದಕವಾದರೋ ಒಂದು ಸಂಜೆ ಒಂಬತ್ತು ಕಣ್ಣುಗಳೋ ಹತ್ತು ಕಣ್ಣುಗಳೋ ಕೂಡಿ ಕೊಡುವ ಉಡುಗೊರೆ. ಬಂದರೆ ಸಂತೋಷ, ಬಾರದಿದ್ದರೆ ನಷ್ಟವಿಲ್ಲ. ಉಳಿಯುವುದನ್ನು ಮಾರಿ ಉಡುಗೊರೆಯನ್ನು ಕೊಳ್ಳದಿರುವಷ್ಟು ತಿಳಿವಳಿಕೆ ಆಕೆಗಿದ್ದರೆ, ಆಕೆ ಗರಡಿಯ ಹೊಸ್ತಿಲನ್ನು ನಿಶ್ಚಿಂತೆಯಿಂದ ದಾಟಬಹುದು.